ತಾಪ ಬೇರೆ, ಉಷ್ಣ ಬೇರೆ: ‘ಮಾಂಸ ಬಿಡಿ, ಭೂಮಿ ಉಳಿಸಿ’ ಎಂಬ ಘೋಷಣೆಯ ವಿಮರ್ಶೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟುಗೂಡಿಸಿ 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಏನೇ ಇರಲಿ, ಈ ಸೀಮೆಯ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋಗುವುದನ್ನು ನಾನು ಹಲವು ವರ್ಷಗಳಿಂದ ರೂಢಿಸಿಕೊಂಡಿದ್ದೇನೆ. ಅಂಥ ಒಂದು ಪ್ರದರ್ಶನದಲ್ಲಿ ಭೂಗೋಳದ ಚಿತ್ರವಿದ್ದ ದೊಡ್ಡ ಭಿತ್ತಿಪತ್ರವೊಂದನ್ನು ಕಂಡೆ. ‘1 ಕೆಜಿ ಮಾಂಸಕ್ಕೆ 15,000 ಲೀಟರ್ ನೀರು! ವಾಹನಗಳಿಗಿಂತ ಜಾನುವಾರುಗಳಿಂದಲೇ ಹೆಚ್ಚು ಮಾಲಿನ್ಯ! ಮಾಂಸ ಬಿಡಿ, ಭೂಮಿ ಉಳಿಸಿ!’ ಎಂದು ಅದರಲ್ಲಿ ಬರೆದಿತ್ತು. ವಿವರಣೆ ನೀಡಿದ ವಿದ್ಯಾರ್ಥಿನಿ ಅಂಕಿಗಳನ್ನು ಒಂದೂ ತಪ್ಪದಂತೆ ಒಪ್ಪಿಸಿದಳು. ಪಕ್ಕದ ಮೇಜಿನಲ್ಲಿ ನೀರಿನ ಪಂಪಿನ ಮಾದರಿ ಇಟ್ಟುಕೊಂಡು ನಿಂತಿದ್ದ ಎಂಟನೇ ತರಗತಿಯ ಹುಡುಗ, ನಾನು ಮುಂದೆ ಸಾಗುವಾಗ ಮೆಲ್ಲಗೆ ಕೇಳಿದ: “ಸಾರ್, ನಮ್ ಮನೇಲಿ ಕುರಿ ಸಾಕ್ತೀವಿ. ಮಳೆ ಹೋಗಕ್ಕೆ ನಾವೇ ಕಾರಣವಾ?”

ಆ ಹೊತ್ತಿಗೆ ‘ಇಲ್ಲಪ್ಪ, ಹಾಗೇನಿಲ್ಲ’ ಎಂದು ಬೆನ್ನು ತಟ್ಟಿ ಮುಂದೆ ಹೋದೆ. ಅದು ಸಮಾಧಾನದ ಮಾತೇ ಹೊರತು ವಿಜ್ಞಾನದ ಉತ್ತರವಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ಆ ಭಿತ್ತಿಪತ್ರದಲ್ಲಿದ್ದ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

15,415 ಎಂಬ ಅಂಕಿಯ ಜಾತಕ

ಭಿತ್ತಿಪತ್ರದ 15,000 ಲೀಟರ್ ಕಟ್ಟುಕಥೆಯಲ್ಲ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಮೆಕೊನೆನ್ ಮತ್ತು ಹೂಕ್ಸ್ತ್ರಾ ಎಂಬ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಅದು ಬಂದಿದೆ. ಆದರೆ ಅವರು ಹೇಳಿದ 15,415 ಲೀಟರ್ ‘ಮಾಂಸ’ಕ್ಕೆ ಸೇರಿದ್ದಲ್ಲ, ದನದ ಮಾಂಸಕ್ಕೆ ಸೇರಿದ್ದು, ಅದೂ ಇಡೀ ಪ್ರಪಂಚದ ಸರಾಸರಿ. ಅದೇ ಕೋಷ್ಟಕದಲ್ಲಿ ಕುರಿ ಮಾಂಸಕ್ಕೆ ಸುಮಾರು 10,400, ಮೇಕೆ ಮಾಂಸಕ್ಕೆ 5,500, ಕೋಳಿ ಮಾಂಸಕ್ಕೆ 4,300 ಲೀಟರ್ ಇದೆ. ಬೇಳೆಕಾಳುಗಳಿಗೂ 4,000 ಲೀಟರಿಗೆ ಮೇಲೆಯೇ ಇದೆ. ಭಿತ್ತಿಪತ್ರ ಬರೆಯುವವರು ಈ ಕೊನೆಯ ಸಾಲಿನವರೆಗೆ ಓದಿರುವುದಿಲ್ಲ.

ಇನ್ನೂ ಮುಖ್ಯವಾದ ಸಂಗತಿ ಬೇರೆ ಇದೆ. ಆ ವಿಜ್ಞಾನಿಗಳು ನೀರನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮಳೆಯಾಗಿ ಬಿದ್ದು ಮಣ್ಣಿನಲ್ಲಿ ನಿಂತು ಗಿಡಗಳ ಮೂಲಕ ಆವಿಯಾಗುವುದು ‘ಹಸಿರು ನೀರು’. ಕೆರೆ, ನದಿ, ಕೊಳವೆಬಾವಿಗಳಿಂದ ಎತ್ತಿದ್ದು ‘ನೀಲಿ ನೀರು’. ಕೊಳೆಯನ್ನು ನಿರಪಾಯಕಾರಿ ಮಟ್ಟಕ್ಕೆ ತೆಳುವಾಗಿಸಲು ಬೇಕಾಗುವುದು ‘ಬೂದು ನೀರು’. 15,415 ಲೀಟರಿನಲ್ಲಿ ಹಸಿರು ನೀರು 14,414, ನೀಲಿ ನೀರು 550, ಬೂದು ನೀರು 451. ಅಂದರೆ ನೂರಕ್ಕೆ ಸುಮಾರು ತೊಂಬತ್ತನಾಲ್ಕು ಪಾಲು ಹುಲ್ಲಿನ ಮೇಲೆ ಬಿದ್ದ ಮಳೆ!

ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ ವರ್ಷಕ್ಕೆ 800 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು 32 ಲಕ್ಷ ಲೀಟರ್ ಆಗುತ್ತದೆ. ಕನಕಪುರದ ಕಡೆಯ ಕುರುಚಲು ಬೀಳಿನಲ್ಲಿ ಕುರಿ ಮೇಯ್ದರೆ ಈ ಮಳೆಯ ಪಾಲನ್ನೆಲ್ಲ ಕುರಿಯ ತಲೆಗೆ ಕಟ್ಟಬಹುದು. ಕುರಿ ಅಲ್ಲಿ ಇಲ್ಲದಿದ್ದರೂ ಆ ಮಳೆ ಬೀಳುತ್ತಿತ್ತು, ಆ ಹುಲ್ಲು ಬೆಳೆಯುತ್ತಿತ್ತು, ಆ ನೀರು ಆವಿಯಾಗುತ್ತಿತ್ತು. ಆದರೆ ಕೊಳವೆಬಾವಿ ನೀರು ಹಾಯಿಸಿ ಬೆಳೆದ ಹಸಿಮೇವಿನ ಪ್ರತಿ ಲೀಟರೂ ನೀಲಿ ನೀರೇ. ನಮ್ಮ ಸೀಮೆಯಲ್ಲಿ ಕೊರತೆ ಇರುವುದು ಅದಕ್ಕೆ. ಆ ಹಸಿಮೇವು ಹೆಚ್ಚಾಗಿ ಹೋಗುವುದು ಕುರಿದೊಡ್ಡಿಗಲ್ಲ, ಹಸುವಿನ ಕೊಟ್ಟಿಗೆಗೆ.

ವಾಹನಗಳೊಡನೆ ಹೋಲಿಕೆ

ಎರಡನೆಯ ಮಾತಿನ ಮೂಲ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2006ರಲ್ಲಿ ಪ್ರಕಟಿಸಿದ ‘ಲೈವ್‌ಸ್ಟಾಕ್ಸ್ ಲಾಂಗ್ ಶ್ಯಾಡೋ’ ಎಂಬ ವರದಿ. ಮಾನವನಿಂದ ಉಂಟಾಗುವ ಹಸಿರುಮನೆ ಅನಿಲಗಳಲ್ಲಿ ಶೇ. 18 ಜಾನುವಾರುಗಳ ಪಾಲು, ಇದು ಸಾರಿಗೆಯ ಪಾಲಿಗಿಂತಲೂ ಹೆಚ್ಚು ಎಂದು ಅದು ಹೇಳಿತು. ವರದಿಯ ಬಹುಭಾಗ ಶ್ರಮದ ಕೆಲಸವೇ ಸರಿ. ಆದರೆ ಆ ಹೋಲಿಕೆಯಲ್ಲಿ ದೋಷವಿತ್ತು. ಜಾನುವಾರುಗಳಿಗೆ ಕಾಡು ಕಡಿದದ್ದು, ಗೊಬ್ಬರ ತಯಾರಿಸಿದ್ದು, ಮೇವು ಬೆಳೆದದ್ದು ಎಲ್ಲವನ್ನೂ ಸೇರಿಸಿ, ಸಾರಿಗೆಗೆ ಮಾತ್ರ ಎಂಜಿನ್ನಿನಲ್ಲಿ ಉರಿದ ಇಂಧನವನ್ನಷ್ಟೇ ಎಣಿಸಲಾಗಿತ್ತು. ಒಂದು ತಟ್ಟೆಗೆ ಇಡೀ ಸಂಸಾರದ ಖರ್ಚು, ಇನ್ನೊಂದಕ್ಕೆ ಕೈಖರ್ಚು ಮಾತ್ರ! ಕ್ಯಾಲಿಫೋರ್ನಿಯಾದ ವಿಜ್ಞಾನಿ ಫ್ರಾಂಕ್ ಮಿಟ್ಲೋಹ್ನರ್ ಇದನ್ನು ಎತ್ತಿ ತೋರಿಸಿದಾಗ, 2010ರಲ್ಲಿ ವರದಿಯ ಲೇಖಕರಲ್ಲೊಬ್ಬರು ಆಕ್ಷೇಪಣೆಯಲ್ಲಿ ಹುರುಳಿದೆ ಎಂದು ಒಪ್ಪಿಕೊಂಡರು. ಅದೇ ಸಂಸ್ಥೆ 2013ರಲ್ಲಿ ಶೇ. 14.5 ಎಂದೂ, 2023ರಲ್ಲಿ ಸುಮಾರು ಶೇ. 12 ಎಂದೂ ಲೆಕ್ಕ ಕೊಟ್ಟಿತು. ಪದ್ಧತಿಯೂ ಆಧಾರ ವರ್ಷವೂ ಬದಲಾಗಿರುವುದರಿಂದ ಇದನ್ನು ‘ಇಳಿಕೆ’ ಎಂದು ಓದಬಾರದು. ಅಳತೆ ಪರಿಷ್ಕಾರವಾಯಿತು ಎಂದು ಓದಬೇಕು. ವಿಜ್ಞಾನ ನಡೆಯುವ ದಾರಿಯೇ ಇದು. ಶೇ. 12 ಎಂಬುದೂ ಸಣ್ಣ ಪಾಲೇನಲ್ಲ ಎಂಬುದನ್ನು ಮರೆಯಬಾರದು.

ಘೋಷಣೆಯಲ್ಲಿ ಸರಿಯಿರುವುದೇನು?

ಇಲ್ಲಿಯವರೆಗೆ ಓದಿ ‘ಹಾಗಾದರೆ ಮಾಂಸಕ್ಕೂ ಪರಿಸರಕ್ಕೂ ಸಂಬಂಧವೇ ಇಲ್ಲ’ ಎಂದು ಯಾರಾದರೂ ಹಿಗ್ಗಿದರೆ ಅವರೂ ಎಡವುತ್ತಾರೆ. ಆಹಾರ ಸರಪಳಿಯಲ್ಲಿ ಒಂದು ಪೋಷಣಾ ಸ್ತರದಿಂದ ಮುಂದಿನದಕ್ಕೆ ಏರುವಾಗ ಶಕ್ತಿಯ ಬಹುಪಾಲು ಉಷ್ಣವಾಗಿ ಚದುರಿಹೋಗುತ್ತದೆ. ಅಮೆರಿಕದ ಲಿಂಡೆಮನ್ 1942ರಲ್ಲಿ ಸರೋವರವೊಂದರ ಅಧ್ಯಯನದಿಂದ ಇದನ್ನು ವಿವರಿಸಿದರು. ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮಕ್ಕೆ ಜಾತಿ, ಮತ, ಊಟದ ರುಚಿ ಯಾವುದೂ ಗೊತ್ತಿಲ್ಲ. ಮನುಷ್ಯ ತಿನ್ನಬಹುದಾದ ಧಾನ್ಯವನ್ನು ಪ್ರಾಣಿಗೆ ತಿನ್ನಿಸಿ ಆ ಪ್ರಾಣಿಯನ್ನು ತಿಂದರೆ ನಷ್ಟ ಖಚಿತ. ಪೂರ್ ಮತ್ತು ನೆಮೆಸೆಕ್ 2018ರಲ್ಲಿ 119 ದೇಶಗಳ ಸುಮಾರು 38,700 ಫಾರಂಗಳ ಮಾಹಿತಿಯನ್ನು ಒಟ್ಟುಗೂಡಿಸಿದರು. ಅವರ ಲೆಕ್ಕದಲ್ಲಿ ಹಾಲು, ಮೊಟ್ಟೆ, ಮಾಂಸ, ಸಾಕಿದ ಮೀನು ಎಲ್ಲ ಸೇರಿ ಜಗತ್ತಿನ ಕೃಷಿಭೂಮಿಯ ಶೇ. 83ನ್ನು ಬಳಸಿಕೊಂಡು ಕ್ಯಾಲೊರಿಗಳಲ್ಲಿ ಶೇ. 18ನ್ನು, ಪ್ರೋಟೀನಿನಲ್ಲಿ ಶೇ. 37ನ್ನು ಮಾತ್ರ ಕೊಡುತ್ತವೆ.

ಆದರೆ ಪ್ರಾಣಿ ತಿನ್ನುವುದೆಲ್ಲ ಮನುಷ್ಯನ ಆಹಾರವಲ್ಲ. 2017ರ ಒಂದು ಅಧ್ಯಯನದ ಪ್ರಕಾರ ಜಗತ್ತಿನ ಜಾನುವಾರುಗಳ ಮೇವಿನಲ್ಲಿ ಶೇ. 86 ನಾವು ತಿನ್ನಲಾಗದ ಹುಲ್ಲು, ಸೊಪ್ಪು, ಹಿಂಡಿ, ಹೊಟ್ಟು. ನಮ್ಮ ಸೀಮೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರಾಗಿ ಒಕ್ಕಿದ ಮೇಲೆ ಉಳಿದ ಹುಲ್ಲಿನ ಮೆದೆ, ಹುರುಳಿ-ಅವರೆಗಳ ಹೊಟ್ಟು, ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಇವೆಲ್ಲ ದನ-ಮೇಕೆಗಳ ಪಾಲು. ರೀಲಿಂಗ್ ಆದ ಮೇಲೆ ಉಳಿಯುವ ರೇಷ್ಮೆಯ ಪ್ಯೂಪಾ ಕೂಡ ಒಣಗಿ ಕೋಳಿ, ಮೀನುಗಳ ಆಹಾರವಾಗುತ್ತದೆ. ಅದೇ 2017ರ ಅಧ್ಯಯನ ಇನ್ನೊಂದು ಸ್ವಾರಸ್ಯವನ್ನೂ ಹೇಳುತ್ತದೆ. ಮೂಳೆಯಿಲ್ಲದ 1 ಕೆಜಿ ಮಾಂಸಕ್ಕೆ ಮೆಲುಕು ಹಾಕುವ ಪ್ರಾಣಿಗಳು ಮನುಷ್ಯ ತಿನ್ನಬಲ್ಲ ಆಹಾರವನ್ನು 2.8 ಕೆಜಿ ಬಳಸಿದರೆ, ಕೋಳಿ-ಹಂದಿಗಳು 3.2 ಕೆಜಿ ಬಳಸುತ್ತವೆ. ಮೆಕ್ಕೆಜೋಳ, ಸೋಯಾ ತಿನ್ನುವ ಫಾರಂ ಕೋಳಿ ಮೀಥೇನ್ ಉಗುಳುವುದಿಲ್ಲ ನಿಜ. ಆದರೆ ಅದು ನಮ್ಮ ಹೊಲದೊಡನೆ ಸ್ಪರ್ಧಿಸುತ್ತದೆ. ಕುರಿ ಸ್ಪರ್ಧಿಸುವುದು ಕಡಿಮೆ, ಆದರೆ ಮೀಥೇನ್ ಉಗುಳುತ್ತದೆ. ಎರಡೂ ಕಡೆ ಒಳ್ಳೆಯ ಹೆಸರು ಪಡೆಯುವ ಪ್ರಾಣಿ ಯಾವುದೂ ಇಲ್ಲ.

ಕಿಡಿ ಮತ್ತು ಹಂಡೆ

ಈಗ ಭೌತಶಾಸ್ತ್ರದ ಪಾಠಕ್ಕೆ ಬರೋಣ. ಊದುಬತ್ತಿಯ ತುದಿಯ ಕೆಂಡದ ತಾಪ ನೂರಾರು ಡಿಗ್ರಿ. ಬಚ್ಚಲ ಹಂಡೆಯ ನೀರಿನದು ಐವತ್ತು ಡಿಗ್ರಿ ಇರಬಹುದು. ಆದರೆ ಉಷ್ಣದ ಮೊತ್ತ ಯಾವುದರಲ್ಲಿ ಹೆಚ್ಚು? ಹಂಡೆಯಲ್ಲಿ. ತಾಪ ಬೇರೆ, ಉಷ್ಣ ಬೇರೆ ಎಂದು ಪ್ರೌಢಶಾಲೆಯಲ್ಲೇ ಕಲಿಸುತ್ತೇವೆ. ‘ಒಂದು ಕೆಜಿಗೆ ಇಷ್ಟು’ ಎಂಬುದು ತಾಪದಂಥ ಅಳತೆ. ವಾತಾವರಣಕ್ಕೆ ಲೆಕ್ಕವಾಗುವುದು ಉಷ್ಣದಂಥ ಅಳತೆ, ಅಂದರೆ ಕೆಜಿಗೆ ಎಷ್ಟು ಎಂಬುದನ್ನು ಎಷ್ಟು ಕೆಜಿ ಎಂಬುದರಿಂದ ಗುಣಿಸಿದ ಮೊತ್ತ. ಭಿತ್ತಿಪತ್ರ ಕಿಡಿಯನ್ನು ತೋರಿಸಿ ಹಂಡೆಯನ್ನು ಮರೆಸುತ್ತದೆ.

ಲೆಕ್ಕವನ್ನೇ ಮಾಡಿ ನೋಡೋಣ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಒಂದು ಹಾಲಿನ ಹಸು ವರ್ಷಕ್ಕೆ 58 ಕೆಜಿ ಮೀಥೇನನ್ನು ಜಠರದಿಂದ ಹೊರಬಿಡುತ್ತದೆ ಎಂದಿದೆ. ಅದರ ಹಾಲಿನ ಇಳುವರಿ ವರ್ಷಕ್ಕೆ 900 ಕೆಜಿ ಎಂದು ಹಿಡಿದಿದ್ದಾರೆ. ಎಮ್ಮೆಗೆ 55, ಇತರ ದನಗಳಿಗೆ 27, ಕುರಿ-ಮೇಕೆಗಳಿಗೆ ತಲಾ 5 ಕೆಜಿ. ಜೈವಿಕ ಮೂಲದ 1 ಕೆಜಿ ಮೀಥೇನ್ ನೂರು ವರ್ಷಗಳ ಅವಧಿಯಲ್ಲಿ ಸುಮಾರು 27 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ.

ಹಾಲು: 58 × 27 = 1,566 ಕೆಜಿ. ಇದನ್ನು 900ರಿಂದ ಭಾಗಿಸಿದರೆ ಲೀಟರಿಗೆ ಸುಮಾರು 1.74 ಕೆಜಿ. ದಿನಕ್ಕೆ ಅರ್ಧ ಲೀಟರ್ ಹಾಲು-ಮೊಸರು ಬಳಸುವವರದು ವರ್ಷಕ್ಕೆ 182.5 ಲೀಟರ್; ಅಂದರೆ ಸುಮಾರು 318 ಕೆಜಿ.

ಕುರಿ: ಒಂದು ವರ್ಷ ಬೆಳೆಸಿದ ಮರಿ ಮತ್ತು ಅದರ ತಾಯಿಯ ಒಂದು ವರ್ಷ ಎರಡನ್ನೂ ಸೇರಿಸಿದರೆ 10 ಕೆಜಿ ಮೀಥೇನ್, ಅಂದರೆ 270 ಕೆಜಿ. ಮರಿಯಿಂದ 12 ಕೆಜಿ ಮಾಂಸ ಎಂದು ಹಿಡಿದರೆ ಕೆಜಿಗೆ 22.5. ತಿಂಗಳಿಗೆ ಅರ್ಧ ಕೆಜಿ, ಅಂದರೆ ವರ್ಷಕ್ಕೆ 6 ಕೆಜಿ ತಿನ್ನುವವರದು 135 ಕೆಜಿ.

ಕೆಜಿ ಲೆಕ್ಕದಲ್ಲಿ ಕುರಿ ಮಾಂಸ ಹಾಲಿಗಿಂತ ಹದಿಮೂರು ಪಟ್ಟು ‘ಬಿಸಿ’. ವರ್ಷದ ಮೊತ್ತದಲ್ಲಿ ಹಾಲೇ ಎರಡು ಪಟ್ಟಿಗೂ ಹೆಚ್ಚು! ‘ಕನಕಪುರದ ಮಿಶ್ರತಳಿ ಹಸು 900 ಲೀಟರಿಗೆ ನಿಲ್ಲುವುದಿಲ್ಲವಲ್ಲ’ ಎಂದು ಓದುಗರು ಕೇಳಬಹುದು. ಒಪ್ಪಿದೆ. ಇಳುವರಿ 2,400 ಲೀಟರ್, ಮೀಥೇನ್ 80 ಕೆಜಿ ಎಂದು ಊಹಿಸಿಕೊಂಡರೂ ಹಾಲಿನ ಮೊತ್ತ 164 ಕೆಜಿ. ಇನ್ನೊಂದು ಪ್ರಾಮಾಣಿಕ ತಿದ್ದುಪಡಿಯೂ ಬೇಕು. ಹಾಲಿನಿಂದ ಸಿಗುವ ಪ್ರೋಟೀನ್ ವರ್ಷಕ್ಕೆ ಸುಮಾರು 5.8 ಕೆಜಿ, 6 ಕೆಜಿ ಮಾಂಸದಿಂದ ಹೆಚ್ಚೆಂದರೆ 1.2 ಕೆಜಿ. ಪ್ರೋಟೀನಿನ ಲೆಕ್ಕ ಹಿಡಿದರೆ ಮಾಂಸದ ಹೊರೆಯೇ ಹಾಲಿನ ಎರಡು ಪಟ್ಟು. ಇದು ಜಠರದ ಮೀಥೇನಿನ ಲೆಕ್ಕ ಮಾತ್ರ; ಸಗಣಿ, ಮೇವು, ಸಾಗಾಟ ಇದರಲ್ಲಿ ಸೇರಿಲ್ಲ. ಯಾವ ಪ್ರಶ್ನೆಗೆ ಯಾವ ಭಾಜಕ ಎಂದು ಮೊದಲು ಹೇಳದೆ ಕೊಟ್ಟ ಅಂಕಿ ಅರ್ಧ ಅಂಕಿ.

ಇಡೀ ದೇಶದ ಹಂಡೆಯನ್ನೂ ಇಣುಕಿ ನೋಡಬಹುದು. 2019ರ ಜಾನುವಾರು ಗಣತಿಯಲ್ಲಿ ದನಗಳು 19 ಕೋಟಿಗೂ ಹೆಚ್ಚು, ಎಮ್ಮೆಗಳು ಸುಮಾರು 11 ಕೋಟಿ, ಕುರಿ-ಮೇಕೆಗಳು ಸುಮಾರು 22 ಕೋಟಿ. ಎಲ್ಲ ದನಗಳಿಗೂ ಕನಿಷ್ಠವಾದ 27 ಕೆಜಿಯನ್ನೇ ಹಿಡಿದರೂ ದನ-ಎಮ್ಮೆಗಳ ಮೀಥೇನ್ ವರ್ಷಕ್ಕೆ 110 ಲಕ್ಷ ಟನ್ ದಾಟುತ್ತದೆ. ಕುರಿ-ಮೇಕೆಗಳದು 11 ಲಕ್ಷ ಟನ್. ಹತ್ತಕ್ಕೆ ಒಂದು! ನಮ್ಮ ದನ-ಎಮ್ಮೆಗಳನ್ನು ಸಾಕುವುದು ಮುಖ್ಯವಾಗಿ ಹಾಲಿಗೆ, ಸ್ವಲ್ಪ ಮಟ್ಟಿಗೆ ದುಡಿಮೆಗೆ. ಎಮ್ಮೆ ಮಾಂಸದ ದೊಡ್ಡ ರಫ್ತು ಇದ್ದರೂ ಅದು ಹಾಲಿನ ಕಸುಬಿನ ಕೊನೆಯ ಕೊಂಡಿ. ಕರ್ನಾಟಕದ 2020ರ ಕಾಯ್ದೆ 13 ವರ್ಷ ಮೀರಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಆ ಕಾಯ್ದೆಯ ಸರಿ ತಪ್ಪು ಈ ಲೇಖನದ ವ್ಯಾಪ್ತಿಯಲ್ಲಿಲ್ಲ. ಆದರೆ ಲೆಕ್ಕ ಬರೆಯುವವನಿಗೆ ಒಂದು ವಿಷಯ ಸ್ಪಷ್ಟ. ಕರೆಯುವುದನ್ನು ನಿಲ್ಲಿಸಿದ ಹಸುವೂ ಮೆಲುಕು ಹಾಕುತ್ತಲೇ ಇರುತ್ತದೆ. ಅದರ ಮೀಥೇನನ್ನು ಮಾಂಸದ ಖಾತೆಗೆ ಬರೆಯಲಾಗದು, ಹಾಲಿನ ಖಾತೆಗೇ ಬರೆಯಬೇಕು. ಆದ್ದರಿಂದ ‘ನಾನು ಸಸ್ಯಾಹಾರಿ, ಈ ಲೆಕ್ಕದಲ್ಲಿ ನಾನಿಲ್ಲ’ ಎನ್ನುವವರ ಮನೆಯ ತುಪ್ಪದ ಡಬ್ಬಿಯೂ ಈ ಲೆಕ್ಕದಲ್ಲಿದೆ.

ಮೀಥೇನ್ ಎಂಬ ಕೆರೆ

ಮೀಥೇನಿಗೆ ಇನ್ನೊಂದು ಗುಣವಿದೆ. ವಾತಾವರಣದಲ್ಲಿ ಅದರ ಆಯಸ್ಸು ಸುಮಾರು ಹನ್ನೆರಡು ವರ್ಷ. ಅದು ತೂಬು ತೆರೆದಿಟ್ಟ ಕೆರೆಯಂತೆ: ಒಳಹರಿವು ಒಂದೇ ಸಮನಿದ್ದರೆ ನೀರಿನ ಮಟ್ಟ ಒಂದು ಕಡೆ ನಿಲ್ಲುತ್ತದೆ. ಇಂಗಾಲದ ಡೈಆಕ್ಸೈಡ್ ತೂಬು ಬಹುಪಾಲು ಮುಚ್ಚಿದ ಕೆರೆ. ಒಳಹರಿವು ಇರುವಷ್ಟು ಕಾಲ ಮಟ್ಟ ಏರುತ್ತಲೇ ಇರುತ್ತದೆ. ಇದನ್ನು ಹಿಡಿದು ‘ದನದ ಮೀಥೇನ್ ನಿರುಪದ್ರವಿ’ ಎನ್ನುವ ವಾದವೂ ಕೇಳಿಬರುತ್ತದೆ. ಅದೂ ಅರ್ಧಸತ್ಯ. ನಿಂತ ಮಟ್ಟವೂ ಭೂಮಿಯನ್ನು ಬಿಸಿಯಾಗಿಯೇ ಇಡುತ್ತದೆ. ಅಲ್ಲದೆ, ಇಪ್ಪತ್ತು ವರ್ಷಗಳ ಅವಧಿಗೆ ನೋಡಿದರೆ 1 ಕೆಜಿ ಮೀಥೇನ್ ಸುಮಾರು 80 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಹಾಗಾಗಿ ಒಳಹರಿವನ್ನು ಕಡಿಮೆ ಮಾಡಿದರೆ ಫಲ ಬೇಗ ಕಾಣುತ್ತದೆ. ನೀರು ನಿಂತ ಭತ್ತದ ಗದ್ದೆಯಿಂದಲೂ ಮೀಥೇನ್ ಬರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಮಳೆಯಾಶ್ರಿತ ರಾಗಿಗೆ ಆ ದೋಷವಿಲ್ಲ. ಮುದ್ದೆ ಉಣ್ಣುವ ಸೀಮೆಗೆ ಇದು ಸಂತೋಷದ ಸುದ್ದಿ.

ಪರಿಸರ ಎಂದರೆ ಇಂಗಾಲದ ಲೆಕ್ಕವೊಂದೇ ಅಲ್ಲ ಎಂಬುದಕ್ಕೆ ರಾಮನಗರದಲ್ಲೇ ಸಾಕ್ಷಿಯಿದೆ. ರಾಮದೇವರ ಬೆಟ್ಟದ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ರಕ್ಷಿತಧಾಮ ಘೋಷಣೆಯಾಯಿತು. ದೇಶದಲ್ಲಿ ರಣಹದ್ದುಗಳು ಕುಸಿದದ್ದಕ್ಕೆ ಮುಖ್ಯ ಕಾರಣ ಜಾನುವಾರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ. ಆ ಔಷಧಿ ಉಳಿದಿದ್ದ ಹೆಣಗಳನ್ನು ತಿಂದು ಹದ್ದುಗಳು ಸತ್ತವು. 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆ ನಿಷೇಧವಾಯಿತು. ದನದ ಮಾಂಸವನ್ನು ನಾವು ತಿಂದೆವೋ ಬಿಟ್ಟೆವೋ ಎಂಬುದರಿಂದಲ್ಲ, ದನಕ್ಕೆ ಏನು ಚುಚ್ಚಿದೆವು ಎಂಬುದರಿಂದ ಆದ ಅನಾಹುತ ಅದು. ಲೀಟರ್, ಕೆಜಿಗಳ ಭಿತ್ತಿಪತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ.

ಯಾರಿಗೆ ಹೇಳುತ್ತಿದ್ದೇವೆ?

‘ಕಡಿಮೆ ಮಾಡಿ’ ಎಂಬ ಕ್ರಿಯಾಪದಕ್ಕೆ ಕರ್ತೃ ಯಾರು? ಜಗತ್ತಿನ ತಲಾ ಮಾಂಸ ವರ್ಷಕ್ಕೆ 40 ಕೆಜಿಗೂ ಹೆಚ್ಚು. ಭಾರತದಲ್ಲಿ 10 ಕೆಜಿಗೂ ಕಡಿಮೆ. ಯೂರೋಪು, ಅಮೆರಿಕಗಳ ತಟ್ಟೆಗೆ ಬರೆದ ಔಷಧಿ ಚೀಟಿಯನ್ನು ಹೆಸರು ಬದಲಿಸದೆ ನಮ್ಮ ಮಕ್ಕಳ ಕೈಗಿಟ್ಟಿದ್ದೇವೆ. ನಮ್ಮಲ್ಲಿ ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಸೋಮವಾರ, ಶನಿವಾರ ಒಲೆಗೆ ಮಾಂಸ ಏರುವುದಿಲ್ಲ. ಶ್ರಾವಣದಲ್ಲಂತೂ ತಿಂಗಳಿಡೀ ಇಲ್ಲ. ಯುಗಾದಿಯ ಮಾರನೆಯ ದಿನದ ಹೊಸತೊಡಕು, ಮಾರಮ್ಮನ ಹಬ್ಬ, ಬೀಗರೂಟ ಇವೇ ಹೆಚ್ಚಿಗೆ ಬೇಯುವ ದಿನಗಳು. ಮಿಕ್ಕ ದಿನ ಬಸ್ಸಾರು, ಹುರುಳಿಕಾಳು, ಚಳಿಗಾಲ ಬಂತೆಂದರೆ ಮಾಗಡಿಯ ಅವರೆಕಾಯಿ. ಇದು ಹಿಂದಿನಿಂದ ಬಂದ ಮಿತಿ. ಅದನ್ನು ಪಾಠದಲ್ಲಿ ಗುರುತಿಸಿ ಹೇಳುವವರು ಕಡಿಮೆ. ನಗರದ ಹೋಟೆಲುಗಳಲ್ಲಿ ದಿನವೂ ಮಾಂಸ, ಅದರಲ್ಲೂ ಅರ್ಧ ತಟ್ಟೆಯಲ್ಲೇ ಬಿಡುವ ಪದ್ಧತಿ ಬೆಳೆಯುತ್ತಿದೆಯಲ್ಲ, ‘ಕಡಿಮೆ ಮಾಡಿ’ ಎಂಬ ಮಾತು ಅಲ್ಲಿಗೆ ನಿಜವಾಗಿಯೂ ಸಲ್ಲುತ್ತದೆ. ಬೀಗರೂಟದ ಎಲೆಯಲ್ಲಿ ಉಳಿದ ತುಂಡಿಗೂ ಸಲ್ಲುತ್ತದೆ.

ಇನ್ನೊಂದು ಕಡೆ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ, ಶೇ. 35ಕ್ಕೂ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸರ್ಕಾರ 2013ರಲ್ಲಿ ಕ್ಷೀರಭಾಗ್ಯದ ಹಾಲನ್ನೂ, 2021ರ ನಂತರ ಹಂತಹಂತವಾಗಿ ಬಿಸಿಯೂಟದ ಜೊತೆ ಮೊಟ್ಟೆಯನ್ನೂ, ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿಯನ್ನೂ ಶಾಲೆಗೆ ತಂದದ್ದು ಇದಕ್ಕಾಗಿಯೇ. ಇಂಥ ಮಗುವಿನ ಮುಂದೆ ‘ಮೊಟ್ಟೆ, ಮಾಂಸ ತಿನ್ನುವವರು ಭೂಮಿಯ ಶತ್ರುಗಳು’ ಎಂಬ ಅರ್ಥ ಬರುವ ಭಿತ್ತಿಪತ್ರ ತೂಗುಹಾಕುವುದು ವಿಜ್ಞಾನವೂ ಅಲ್ಲ, ಶಿಕ್ಷಣವೂ ಅಲ್ಲ. ನಮ್ಮ ಸಮಾಜದಲ್ಲಿ ಊಟದ ಬುತ್ತಿಯನ್ನು ನೋಡಿ ಮನುಷ್ಯನನ್ನು ಅಳೆಯುವ ಕೆಟ್ಟ ಚಾಳಿ ಮೊದಲೇ ಇದೆ. ಅದಕ್ಕೆ ಪರಿಸರದ ಹೆಸರಿನಲ್ಲಿ ಇನ್ನೊಂದು ಅಳತೆಗೋಲನ್ನು ನಾವು ಮೇಷ್ಟ್ರುಗಳೇ ಕೊಡಬಾರದು.

ಶಿಕ್ಷಕರಲ್ಲಿ ಒಂದು ವಿನಂತಿ

ಘೋಷಣೆಯ ಬದಲು ಲೆಕ್ಕ ಕೊಡಿ. ಒಂದು ವಾರ ಮನೆಯಲ್ಲಿ ಬಳಸಿದ ಹಾಲು, ಅಕ್ಕಿ, ರಾಗಿ, ಕಾಳು, ಮೊಟ್ಟೆ, ಮಾಂಸ, ಎಸೆದ ಅನ್ನ, ಬೈಕಿಗೆ ಹಾಕಿಸಿದ ಪೆಟ್ರೋಲು ಇಷ್ಟನ್ನೂ ಮಕ್ಕಳು ಬರೆದು ತರಲಿ. ಯಾರ ಮನೆಯದು ಎಂಬ ಹೆಸರು ಬೇಡ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕನಕಪುರದಿಂದ ಬೆಂಗಳೂರಿಗೆ ಬೈಕಿನಲ್ಲಿ ಹೋಗಿ ಬರಲು, ಲೀಟರಿಗೆ 50 ಕಿಲೋಮೀಟರ್ ಎಂದರೂ, ಸುಮಾರು 5 ಕೆಜಿ. ಮೇಲಿನ ಲೆಕ್ಕದ ವರ್ಷದ 6 ಕೆಜಿ ಮಾಂಸ ಇಂಥ 27 ಪ್ರಯಾಣಗಳಿಗೆ ಸಮ. ದಿನದ ಅರ್ಧ ಲೀಟರ್ ಹಾಲು 33ರಿಂದ 64 ಪ್ರಯಾಣಗಳಿಗೆ ಸಮ. ಹೀಗೆ ಎದುರುಬದುರು ಇಟ್ಟಾಗ ಮಗು ತಾನೇ ಕೇಳುತ್ತದೆ: ಇವುಗಳಲ್ಲಿ ಯಾವುದು ಅಗತ್ಯ, ಯಾವುದು ದುಂದು? ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಮನೆಯಲ್ಲಿ ಹಸು ಬಿಡಿ ಎನ್ನಲಾಗದು. ಆದರೆ ಒಂದೇ ಹಸುವಿಗೆ ಒಳ್ಳೆಯ ಮೇವು ಕೊಟ್ಟು ಹೆಚ್ಚು ಹಾಲು ಪಡೆದರೆ ಲೀಟರಿನ ಹೊರೆ ಅರ್ಧಕ್ಕೆ ಇಳಿಯುತ್ತದೆ ಎಂದು ಮೇಲಿನ ಲೆಕ್ಕವೇ ತೋರಿಸಿದೆ. ಸಗಣಿ ಗೋಬರ್ ಗ್ಯಾಸ್ ಆದರೆ ಇನ್ನಷ್ಟು ಲಾಭ.

ಆ ಹುಡುಗ ಮತ್ತೆ ಸಿಕ್ಕರೆ ಹೀಗೆ ಹೇಳುತ್ತೇನೆ: “ನಿಮ್ಮ ಕುರಿಗಳಿಗೂ ಒಂದು ಲೆಕ್ಕ ಇದೆ ಮಗು, ಅದು ಸೊನ್ನೆಯಲ್ಲ. ಆದರೆ ನಮ್ಮೂರ ಮಳೆ ಹೆಚ್ಚು ಕಡಿಮೆಯಾಗುವುದಕ್ಕೆ ನಿಮ್ಮ ಮಂದೆಯನ್ನು ಕಾರಣ ಮಾಡುವ ವಿಜ್ಞಾನ ಎಲ್ಲೂ ಇಲ್ಲ. ನಿಮ್ಮ ಲೆಕ್ಕದ ಪಕ್ಕದಲ್ಲಿ ನನ್ನ ಮನೆಯ ಹಾಲು, ನನ್ನ ಕಾರು, ನನ್ನ ಎಲೆಯಲ್ಲಿ ಉಳಿದ ಅನ್ನ ಎಲ್ಲವನ್ನೂ ಬರೆಯೋಣ. ಕೂಡುವ ಮೊದಲು ಮಾತ್ರ ಯಾರ ಮೇಲೂ ತಪ್ಪು ಹೊರಿಸುವುದು ಬೇಡ.”